ಏಳನೆಯ ಕಲಮು

ವೇಲ್ಸಿನ ಗುಡ್ಡದ ಮಗ್ಗುಲು. ಕುರಿಸಂತೆಯ ತಗಡಿನ ಶೆಡ್ಡು. ಫೆಬ್ರವರಿ.
ಬಾಯಿ ತೆರೆದರೆ ಮಾತಿಗಿಂತ ಮೊದಲು ಹಬೆ.
ಮಡಚುವ ಮೇಜಿನ ಸುತ್ತ ಒಂಬತ್ತು ಜನ,
ಮೇಜಿನ ಮೇಲೆ ಹದಿಮೂರು ಬಗ್ಗಿಗಳು
ಹೊಟ್ಟೆ ಮೇಲಾಗಿ, ಆಮೆಗಳ ಹಾಗೆ.
ಬರೆಯುವ ಕೆಲಸ ನನಗೆ. ಅಕ್ಷರ ದುಂಡಗಿದೆಯಂತೆ;
ನಿಜವೆಂದರೆ ಪೆನ್ನಿದ್ದದ್ದು ನನ್ನೊಬ್ಬಳ ಬಳಿ.

ಒಂದು: ಎಂಬತ್ತೊಂಬತ್ತರ ಒಳಗೆ
ಅಂಗಡಿಯ ಕಪಾಟಿನಲ್ಲಿ ಕೂತಿದ್ದ ಗಾಡಿಯೇ ಆಗಬೇಕು.
ಎಮ್ರಿಸನ ಮುಖ ಸಣ್ಣಗಾಯಿತು. ಅವನದ್ದು
ಹಳೆಯ ಗಾಡಿಯ ಹೊಸ ಮುದ್ರಣ:
ಅದೇ ಡಬ್ಬ, ಅದೇ ಸ್ಕ್ರೂ, ವಾಸನೆ ಮಾತ್ರ ಬೇರೆ.
ಮೂಸಿಯೇ ತೀರ್ಮಾನಿಸೋಣ ಎಂದು
ಗಾಡಿ ಕೈಯಿಂದ ಕೈಗೆ ಸುತ್ತಿತು.
ಒಂಬತ್ತು ಮೂಗು, ಐದು ಮತ, ಇಬ್ಬರಿಗೆ ನೆಗಡಿ.
ಒಳಗೆ ಬಿಟ್ಟೆವು.

ಎರಡು: ಬೆಳ್ಳಿ ಡಬ್ಬಿಯ ಮೋಟಾರು, ಬಿಚ್ಚುವಂತಿಲ್ಲ.
ಮೂರು: ಲಿಥಿಯಂ ಬೇಡ. ಇಲ್ಲಿ ಅರ್ಧ ಗಂಟೆ ಜಗಳ.
ಹಳೆಯ ನಿಕ್ಕಲ್ ಬ್ಯಾಟರಿ ನಾಲ್ಕು ನಿಮಿಷ ಓಡಿ
ಬೆಕ್ಕಿನಂತೆ ಮಲಗಿಬಿಡುತ್ತದಲ್ಲ?
"ಹಾಗಾದರೆ ಓಟವೇ ನಾಲ್ಕು ನಿಮಿಷ ಇರಲಿ,"
ಆಕಳಿಸುತ್ತ ಅಂದಳು ನೆಸ್ಟ.
ಎಷ್ಟೋ ಕಾನೂನು ಹುಟ್ಟಿದ್ದು ಹೀಗೇ ಇರಬೇಕು,
ನಿದ್ದೆ ಬಂದವರ ಬಾಯಿಂದ.

ನಾಲ್ಕು: ಚಾಪೆಯ ಕೆಳಗೆ ತೂರುವವರನ್ನು ತಡೆಯಲು.
ಐದು: ರಂಗೋಲಿಯ ಕೆಳಗೆ ತೂರುವವರನ್ನು.
ಎರಡೂ ಗ್ವಿಲಿಮ್ ಒಬ್ಬನಿಗಾಗಿ. ಅವನು ಚಹಾ ಹೀರುತ್ತ
ವ್ಯಾಕರಣ ತಿದ್ದಿಕೊಟ್ಟ.

ಆರು: ಮುರಿದದ್ದಕ್ಕೆ ಬದಲಿ ಹಾಕಬಹುದೆ?
ಇಡ್ವಲ್ ಬಾಯಿಬಿಟ್ಟದ್ದು ಆಗಲೇ.
ಮುಂದಿನ ತೋಳು ತೊಂಬತ್ತೊಂದರಲ್ಲಿ ಹೋಯಿತು,
ಗೇರುಪೆಟ್ಟಿಗೆ ಮದುವೆಯ ವರ್ಷ,
ಚಾಸಿ ಹೋದ ಚಳಿಗಾಲ.
"ಮತ್ತೆ ಮೊದಲಿನದು ಏನುಳಿದಿದೆಯೋ?"
ಗಾಡಿ ತಿರುಗಿಸಿ ತೋರಿಸಿದ: ಒಂದು ಸ್ಟಿಕ್ಕರು,
ಹತ್ತು ವರ್ಷದ ಕೈ ಅಂಟಿಸಿದ್ದು, ಸೊಟ್ಟಗೆ.
"ಸೊಟ್ಟ ಸ್ಟಿಕ್ಕರಿದ್ದರೆ ಸಾಕು" ಎಂದು ಬರೆದೆ.
ಹೊಡೆದುಹಾಕಿದೆ. "ಆಕಾರ ಅದೇ ಇದ್ದರೆ ಸಾಕು."
ಹೊಡೆದುಹಾಕಿದ್ದೇ ಚೆನ್ನಾಗಿತ್ತು.

ಏಳು: ಚಾಲಕನ ಸೀಟು ಖಾಲಿ ಇರಕೂಡದು.
ಪ್ಲಾಸ್ಟಿಕ್ಕಿನ ತಲೆ, ಬಣ್ಣದ ಹೆಲ್ಮೆಟ್ಟು, ಎಂಟು ಗ್ರಾಂ;
ಇಲ್ಲದವನ ಗಾಡಿ ಎಂಟು ಗ್ರಾಂ ಹಗುರ, ಅಂದರೆ ಮೋಸ.
ಬೆಥನಿಗೆ ಹದಿನಾಲ್ಕು. ಹಳೇ ಸಾಮಾನಿನ ಗುಡ್ಡೆಯಲ್ಲಿ
ಮೂರು ಪೌಂಡಿಗೆ ಸಿಕ್ಕ ಅವಳ ಗಾಡಿಯಲ್ಲಿ
ತಲೆಯ ಜಾಗದಲ್ಲಿ ಎರಡು ತೂತು.
ಹುಡುಗಿ ವಾದಿಸಲಿಲ್ಲ. ಬಗ್ಗಿದಳು.
ನೆಲದ ಹುಲ್ಲಿನಲ್ಲಿ ಯಾವುದೋ ಕುರಿ ಉದುರಿಸಿದ
ಹಳದಿ ಕಿವಿಬಿಲ್ಲೆ. ಒರೆಸಿ, ಸೀಟಿಗೆ ಸಿಕ್ಕಿಸಿದಳು.
ಗದ್ದಲ. ತಲೆಯೆಂದರೆ ತಲೆ!
"ಬರೆದದ್ದನ್ನು ಓದು," ಅಂದ ಗ್ವಿಲಿಮ್, ಚಹಾ ಕೆಳಗಿಟ್ಟು.
ಓದಿದೆ. ತಲೆಯ ಮಾತೇ ಇರಲಿಲ್ಲ.

ಹೊರಗೆ ಕೆಸರು. ಮೊಳೆಟೈರುಗಳ ಕಿರಲು ಸದ್ದು.
ಕಳೆದ ಸಲ ಕೊನೆಗೆ ಬಂದವರು ತಿರುವಿನಲ್ಲಿ ನಿಂತು
ಮಗುಚಿದ ಗಾಡಿಗಳನ್ನು ಎತ್ತಬೇಕು, ಅದು ಎಂಟನೆಯದು;
ಹಾಗಾಗಿ ನಿಂತಿದ್ದೆ.
ಮೂರನೆಯ ಸುತ್ತಿನಲ್ಲಿ ಎಮ್ರಿಸನ ಗಾಡಿ ಹಾರಿ, ಉರುಳಿ,
ಅವನ ಹೊಚ್ಚ ಹೊಸ ಹಳೇ ಚಾಲಕನ ತಲೆ ಕಳಚಿ ಹೋಯಿತು.
"ಏಳನೆಯ ಕಲಮು!" ಎಂದು ಕಿರುಚಿದ್ದು ಯಾರೋ,
ಕುರಿಯ ನಂಬರು ಮುಂದೆ ದಾಟಿತು, ಬ್ಯಾಟರಿಗಳು ಸೋಲುತ್ತಿದ್ದವು,
ಎಲ್ಲರೂ ನನ್ನ ಕಡೆ ನೋಡುತ್ತಿದ್ದರು.
ನಾನು ಮೊಣಕಾಲೂರಿ
ಕೆಸರಿನಲ್ಲಿ ತಲೆ ಹುಡುಕುತ್ತಿದ್ದೆ.