ತಳೆಂ

ನಮ್ಮ ಮನೆಮಾತಿನಲ್ಲಿ ಕೆರೆಗೆ ತಳೆಂ ಅನ್ನುತ್ತೇವೆ.
ಕನ್ನಡ ಶಾಲೆಗೆ ಹೋದ ಮೊದಲ ವರ್ಷ
ತಳ ಅಂದರೆ ಬುಡ ಅಂತ ಕಲಿತು
ಬಹಳ ದಿನ ಅಂಜಿದ್ದೆ.
ನೀರನ್ನು ಕರೆಯುತ್ತೇವೆ ಅಂದುಕೊಂಡು
ದಿನಾ ಬುಡವನ್ನೇ ಕರೆಯುತ್ತಿದ್ದೇವಲ್ಲ,
ಒಂದು ದಿನ ಅದು ಓಗೊಟ್ಟರೆ?

ಈ ಏಪ್ರಿಲ್ಲಿನಲ್ಲಿ ಓಗೊಟ್ಟಿತು.
ಅಂಕೋಲೆಯಿಂದ ಜೇಸಿಬಿ ಬಂತು, ಹೂಳೆತ್ತಲಿಕ್ಕೆ.
ಮಾಜಾಳಿ ನಾಕೆ ತಪ್ಪಿಸಿ ಗುಡ್ಡದ ಹಾದಿ ಹಿಡಿದವರು
ಜೀಪಿನ ಬೆಳಕು ಕಂಡಲ್ಲೇ ಎಸೆದ ಬಾಟಲಿಗಳು
ಕೆಸರು ಮೆತ್ತಿಕೊಂಡು ದಂಡೆ ಹತ್ತಿದವು.
ಇನಾಸ ಒಂದನ್ನು ಉಜ್ಜಿ, ಮೂಸಿ,
"ಇದು ನಂದೇ. ಎಂಬತ್ತೇಳರ ನಾತಾಳದ್ದು.
ಬೂಚು ಇನ್ನೂ ಗಟ್ಟಿ ಇದೆ ನೋಡು" ಅಂದ.
ಸೀಬರ್ಡಿಗೆ ಸಮುದ್ರ ಬಿಟ್ಟುಕೊಟ್ಟು ಬಂದ
ಹರಿಕಂತ್ರರ ಹುಡುಗರು ಮುಗುಡು ಹಿಡಿಯುತ್ತಿದ್ದರು,
ಸಿಹಿನೀರ ಮೀನಿಗೆ ರುಚಿಯೇ ಇಲ್ಲ ಅಂತ ಬೈಯುತ್ತಲೇ.

ಆಮೇಲೆ ಕಲ್ಲು.
ಮಾಣಕೂ ಅಜ್ಜಿ ಅರವತ್ತು ವರ್ಷ ಬಟ್ಟೆ ಒಗೆದ ಕಲ್ಲು,
ಎರಡನೆಯ ಮೆಟ್ಟಿಲ ಕೆಳಗಿನದು,
ಬೆಣ್ಣೆ ಸವರಿದ ಹಾಗೆ ನುಣುಪು.
ಸರಪಳಿ ಬಿಗಿದು ಎತ್ತಿದಾಗ ಮಗುಚಿಕೊಂಡಿತು.
ಹೊಟ್ಟೆಯ ತುಂಬ ಅಕ್ಷರ.

ಕೊಳಂಬಕರ ಮೇಷ್ಟ್ರು ಸೀಮೆಸುಣ್ಣ ತಿಕ್ಕಿ ತಿಕ್ಕಿ
ಸೋದೆಯ ಅರಸರ ಕಾಲದ್ದಿರಬಹುದು ಅಂದರು,
ಇರಲಿಕ್ಕಿಲ್ಲ ಅಂತಲೂ ಅಂದರು.
ಓದಲಿಕ್ಕಾದದ್ದು ಒಂದೇ ಪದ: ಗಡಿ.
ಯಾರದು, ಎಲ್ಲಿಂದ ಎಲ್ಲಿಗೆ, ಅದನ್ನು ಕೆಸರು ತಿಂದಿತ್ತು.
ನಿಂತಿದ್ದ ಜಾಗದಿಂದ ಕಿತ್ತು ತಂದು
ಯಾರೋ ಜಾಣರು
ಒಗೆಯಲಿಕ್ಕೆ ಹಾಕಿಕೊಂಡಿದ್ದರು.

ಅಜ್ಜಿ ಕಾಣಕೋಣದ ಹುಡುಗಿ.
ಆಗಿನ್ನೂ ಅಲ್ಲಿ ಪಾಕ್ಲೆಗಳ ರಾಜ್ಯ.
ತಾಮ್ರದ ಕಳಶಿ ಹೊತ್ತು ಮದುವೆಯಾಗಿ ಬಂದ
ಮರುವರ್ಷವೇ ದಾರಿ ಮುಚ್ಚಿತು.
ಗುಡ್ಡ ಹತ್ತಿದರೆ ತವರಿನ ತೆಂಗಿನ ತಲೆಗಳು ಕಾಣುತ್ತಿದ್ದವು,
ಅಷ್ಟೇ ದೂರ.
ಅವಳ ಆವಯ್ ಸತ್ತ ಸುದ್ದಿ
ಕಳ್ಳದೋಣಿಯಲ್ಲಿ, ಕೈಗಡಿಯಾರದ ಮೂಟೆಯ ಜೊತೆ,
ತಿಂಗಳು ಕಳೆದು ಬಂತು.
ಕೇಳಿದ ದಿನವೇ ಸಾವಿನ ದಿನ ಅಂದರು ಭಟ್ಟರು.
ಅಲ್ಲಿ ಒಮ್ಮೆ ಸತ್ತವಳು
ಇಲ್ಲಿ ಈ ಕಲ್ಲಿನ ಮೇಲೆ ಇನ್ನೊಮ್ಮೆ ಸತ್ತಳು.
ಅಜ್ಜಿ ತಲೆಗೆ ನೀರು ಸುರಿದುಕೊಂಡು, ಎದ್ದು,
ಒದ್ದೆ ಸೀರೆಯನ್ನು ಅದೇ ಕಲ್ಲಿಗೆ ಬಡಿದಳು.
ಗಡಿ ಅವಳ ಹಿಮ್ಮಡಿಯ ಕೆಳಗೇ ಇತ್ತು,
ಬೋರಲು ಬಿದ್ದು.

ಮುಂದೆ ಆಯೋಗದವರು ಬಂದರು, ಗಣತಿಯವರು ಬಂದರು,
ಬೋರ್ಡಿಗೆ ಡಾಂಬರು ಬಳಿಯುವವರು,
ಸೀಮೆಎಣ್ಣೆ ಬಟ್ಟೆಯಲ್ಲಿ ಅದನ್ನು ಒರೆಸುವವರು.
"ಅಜ್ಜಿ, ನಿಮ್ಮ ಮಾತೃಭಾಷೆ?"
ಮೀನಿನ ಲೆಕ್ಕವನ್ನು ಮರಾಠಿಯಲ್ಲಿ ಹಾಕುವವಳು,
ರೇಶನ್ ಅಂಗಡಿಯಲ್ಲಿ ಕನ್ನಡದಲ್ಲೇ ಜಗಳ ತೆಗೆಯುವವಳು
"ತುಕಾ ಜಾಯ್ ತೆಂ ಬರಯ್ ಪುತಾ" ಅಂದಳು.
ನಿಂಗೆ ಬೇಕಾದ್ದು ಬರ್ಕೋ ಮಗಾ.
ಬರಕೊಂಡ. ಏನಂತ ನಾವು ಇಣುಕಲಿಲ್ಲ.

ಮೊನ್ನೆ ರಿಕ್ಷಾದಲ್ಲಿ ಕರೆತಂದೆವು.
ಬರಿದಾದ ಕೆರೆಯನ್ನು ಅವಳು ಹೆಚ್ಚು ನೋಡಲಿಲ್ಲ,
ಬತ್ತಲೆ ಮನುಷ್ಯನ ಎದುರು ಮುಖ ತಿರುಗಿಸುವ ಹಾಗೆ.
ಕಲ್ಲನ್ನು ಮುಟ್ಟಿದಳು. ಓದು ಬರದವಳ ಬೆರಳು
ಅಕ್ಷರದ ಮೇಲೆ ನಿಂತು ನಿಂತು ಸಾಗಿತು.
ಪಂಚಾಯ್ತಿಯವರು ಕಟ್ಟೆ ಕಟ್ಟುತ್ತೇವೆ ಅಂದರು,
ಸುತ್ತ ಕಬ್ಬಿಣದ ಬೇಲಿ ಅಂದರು.
ಅವಳು ಕೇಳಿದ್ದು ಇಷ್ಟೇ:
ಹಾಗಾದರೆ ಹೆಂಗಸರು ಒಗೆಯೋದೆಲ್ಲಿ?

ಕಲ್ಲು ಈಗ ಪಂಚಾಯ್ತಿ ಅಂಗಳದಲ್ಲಿದೆ.
ಬೇಲಿ ಇನ್ನೂ ಮಂಜೂರಾಗಿಲ್ಲ.
ನುಣುಪು ಬದಿ ನೆಲಕ್ಕೆ, ಅಕ್ಷರ ಆಕಾಶಕ್ಕೆ,
ಒರಗಿಸಿದ ಒಂದು ಸೈಕಲ್ಲು.
ಜೂನಿನ ಮಳೆ ಬಿದ್ದು ನಿಂತ ಮೇಲೆ
ಗಡಿಯ ಗ-ದ ಗುಳಿಯಲ್ಲಿ ನೀರು ಉಳಿಯುತ್ತದೆ,
ಒಂದು ಚಮಚದಷ್ಟು.
ನನ್ನ ತಮ್ಮನ ಮಗಳು, ಇನ್ನೂ ಅಂಗನವಾಡಿ,
ಅದರಲ್ಲಿ ಬೆರಳಿಟ್ಟು ನಮ್ಮನ್ನೆಲ್ಲ ಕೂಗುತ್ತಾಳೆ:
ತಳೆಂ.