ಬಾಯಿಲ್ಲದವು

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ನಾನು
ಕಪಾಟಿನ ಕೆಳಖಾನೆಯಲ್ಲಿ
ಏಳು ಕಿರುಗತ್ತಿಗಳನ್ನು ಇಟ್ಟಿದ್ದೇನೆ.
ಒಂದಕ್ಕೂ ಬಾಯಿಲ್ಲ.

ಮೊದಲನೆಯದು ರೋಮಿನ ಸಿಪಾಯಿಯದು, ಡೆಹ್ರಾಡೂನಿನಿಂದ ಬಂತು,
ಒಂಬೈನೂರು ರೂಪಾಯಿ, ಕೊರಿಯರ್ ಬೇರೆ.
ಡಬ್ಬಿ ಬಿಚ್ಚಿದಾಗ ಹಿಡಿ ಅಲ್ಲಾಡುತ್ತಿತ್ತು
ಎರಡನೇ ಈಯತ್ತೆಯ ಹುಡುಗನ ಹಲ್ಲಿನಂತೆ.
ಹಿತ್ತಾಳೆ ಎಂದದ್ದು ಬಣ್ಣ, ಉಗುರಿಗೆ ಬಂತು.
ಎಲುಬು ಎಂದದ್ದು ಪ್ಲಾಸ್ಟಿಕ್ಕು.
ವಾಪಸು ಕಳಿಸಬಹುದಿತ್ತು, ಹತ್ತು ದಿನದ ಗಡುವಿತ್ತು.
ಹನ್ನೊಂದನೇ ದಿನ ಹಿಡಿಯನ್ನು ಒಡೆದು ಹಾಕಿದೆ.

ಒಳಗೆ ಅಲಗಿನ ಬಾಲ ಪೆನ್ಸಿಲಿನಷ್ಟು ಸಣ್ಣ,
ಅದಕ್ಕೊಂದು ಅವಸರದ ಬೆಸುಗೆ.
ಯಾವನೋ ಊಟದ ಗಂಟೆಗೆ ಮೊದಲು ಮುಗಿಸಿದ ಕೆಲಸ.
ಅವನ ಮೇಲೆ ಸಿಟ್ಟು ಬರಲಿಲ್ಲ. ನಾನೂ
ಮಾರ್ಚ್ ಮೂವತ್ತೊಂದಕ್ಕೆ ಹಾಗೆಯೇ ಲೆಕ್ಕ ಕೂಡಿಸುತ್ತೇನೆ.

ಆಮೇಲೆ ಕಲಿತದ್ದೆಲ್ಲ ದಕ್ಕೆಯಲ್ಲೇ.
ಫೈಬರ್ ದೋಣಿಗೆ ತೇಪೆ ಹಾಕುವ ಇನಾಸ
ರಾಳ ಕೊಟ್ಟ, ಗಟ್ಟಿಯಾಗಿಸುವ ಹನಿ ಎಷ್ಟೆಂದು ತೋರಿಸಿದ:
"ಜಾಸ್ತಿ ಬಿದ್ದರೆ ಹೊಗೆ ಬರ್ತದೆ ಬಾಬ."
ಮಾಜಾಳಿಯ ಮರಳಲ್ಲಿ ಮಗುಚಿ ಬಿದ್ದ ಮಚವೆಯಿಂದ
ಸಾಗುವಾನಿಯ ಒಂದು ತುಂಡು, ನಾಲ್ಕು ತಾಮ್ರದ ಮೊಳೆ;
ಯಜಮಾನನ ಮೊಮ್ಮಗ ಒಯ್ಯಿರಿ ಎಂದ,
ಮೊಳೆಗೆ ಮಾತ್ರ ಇಪ್ಪತ್ತು ರೂಪಾಯಿ ತಗೊಂಡ.
ಐವತ್ತು ವರ್ಷ ಉಪ್ಪು ಕುಡಿದ ಮರ
ಗರಗಸಕ್ಕೆ ಸುಲಭದಲ್ಲಿ ಒಪ್ಪಲಿಲ್ಲ.
ಒರೆ ಹೊಲಿದದ್ದು ಅಪ್ಪನ ಕಂಡಕ್ಟರ್ ಚೀಲದಿಂದ.
ಚಿಲ್ಲರೆಯ ವಾಸನೆ ಅದರೊಳಗೆ ಇನ್ನೂ ಇದೆ.

ನಾಲ್ಕನೆಯದು ಜಪಾನಿನ ಗಿಡ್ಡ ಕತ್ತಿ.
ಅದರ ಹಿಡಿಗೆ ತೊರಕೆ ಮೀನಿನ ಚರ್ಮ ಸುತ್ತುತ್ತಾರಂತೆ;
ನನಗೆ ಬಂದದ್ದಕ್ಕೆ ಅಚ್ಚೊತ್ತಿದ ರೆಕ್ಸಿನ್.
ಅದಕ್ಕಾಗಿ ಜಪಾನಿಗೆ ಹೋಗಬೇಕೇ? ಕಲ್ಪನಾ ಹರಿಕಂತ್ರಳ ಬುಟ್ಟಿಯಲ್ಲಿ
ವಾರಕ್ಕೆರಡು ದಿನ ತೊರಕೆ.
"ಚರ್ಮ ಯಾತಕ್ಕೆ?" ಕೇಳಿದಳು. ಹೇಳಿದೆ.
ಮೆಟ್ಟುಗತ್ತಿಯ ಮೇಲೆ ಕಾಲಿಟ್ಟವಳು
ಹೊಟ್ಟೆ ಹಿಡಿದು ನಕ್ಕಳು. ಕೊಟ್ಟಳು.
ಉಪ್ಪು ಹಚ್ಚಿ ತಾರಸಿಯಲ್ಲಿ ಒಣಗಿಸಿದೆ; ಓಣಿಯ ಬೆಕ್ಕುಗಳೆಲ್ಲ
ಹದಿನೈದು ದಿನ ನಮ್ಮ ನೆಂಟರು.
ಈಗ ಅಂಗೈಗೆ ತಾಗುವ ಆ ಕಾಳು ಕಾಳು ಒರಟು!
ಅಲಗು ಸುಳ್ಳಿರಬಹುದು,
ಹಿಡಿದ ಜಾಗ ಸುಳ್ಳಲ್ಲ.

ಚುನಾವಣೆಗೆ ಮುಂಚೆ
ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕೆಂದು ಪೇಪರಿನಲ್ಲಿ ಬಂತು.
ನಾನು ಹೆದರಿ, ಏಳನ್ನೂ ಅಕ್ಕಿಚೀಲದಲ್ಲಿ ಹಾಕಿ
ಸ್ಕೂಟರಿನ ಕಾಲಬುಡದಲ್ಲಿಟ್ಟು ಹೋದೆ.
ಸಾಲಿನಲ್ಲಿ ನಿಂತೆ. ಮುಂದೆ ಕದ್ರಾ ಕಡೆಯವರು,
ಹಂದಿ ಹೆದರಿಸುವ ನಳಿಗೆಗಳು, ಗಂಭೀರ ಮುಖಗಳು.
ರೈಟರ್ ನಾಗ್ವೇಕರರು ಒಂದನ್ನು ಎಳೆದು
ಹೆಬ್ಬೆರಳು ಒತ್ತಿದರು, ಕೆನ್ನೆಗೆ ಉಜ್ಜಿದರು,
"ಇದಕ್ಕೆ ಬಾಳೆಹಣ್ಣೂ ಹೆದರೂದಿಲ್ಲ ಮಾರಾಯ್ರೇ,
ಮನೆಗೆ ಒಯ್ಯಿರಿ" ಎಂದರು.
ರಿಜಿಸ್ಟರಿನಲ್ಲಿ ಒಂದು ಗೆರೆ ಎಳೆಯಲಿಲ್ಲ.

ಬಚಾವಾದೆ ಎನ್ನಬೇಕಿತ್ತು.
ಕಾಳಿ ಸೇತುವೆ ದಾಟುವಾಗ, ಚೀಲ ಕಾಲಿಗೆ ಬಡಿಯುತ್ತ,
ನನಗೇ ನಾಚಿಕೆಯಾಗುವಷ್ಟು ದುಃಖವಾಯಿತು.

ಚೌತಿಗೆ ಸುಣ್ಣ ಬಳಿಯಲು ಕಪಾಟು ಸರಿಸಿದಾಗ
ರೋಮಿನದರ ತುದಿಯಲ್ಲಿ ಸಾಸಿವೆಯಷ್ಟು ತುಕ್ಕು.
ಎಣ್ಣೆಬಟ್ಟೆ ಕೈಗೆ ತಗೊಂಡವನು ಸುಮ್ಮನೆ ಕೂತೆ.
ಈ ಊರಿನ ಗಾಳಿ ನೌಕಾನೆಲೆಯ ಹಡಗನ್ನು ತಿನ್ನುತ್ತದೆ,
ಕಿಟಕಿಯ ಸರಳನ್ನು, ಕಲ್ಪನಾಳ ಮೆಟ್ಟುಗತ್ತಿಯನ್ನು,
ಠಾಣೆಯಲ್ಲಿ ಪೇರಿಸಿಟ್ಟ ಆ ಕೋವಿಗಳನ್ನು,
ನನ್ನ ಸ್ಕೂಟರಿನ ಸೈಲೆನ್ಸರನ್ನು.
ಹೆಬ್ಬೆರಳು ಒತ್ತಿ ನೋಡುವುದಿಲ್ಲ ಅದು.

ಉಳಿದ ಆರನ್ನು ಉಜ್ಜಿ ಒಳಗಿಟ್ಟೆ.
ಆ ಚುಕ್ಕೆಗೆ ಇನ್ನೂ ಎಣ್ಣೆ ಹಾಕಿಲ್ಲ.
ಮುಂದಿನ ವಾರ ಹಾಕುತ್ತೇನೆ.