ಬಾಕಿ ಒಂದು

ಶನಿವಾರ ಮಧ್ಯಾಹ್ನ ಮಂಗಳೂರು ಬಂದರಿನ ಲೈಬ್ರರಿಯಲ್ಲಿ
ಗಾಜಿನ ಕಪಾಟಿನ ಚೆನ್ನೆಮಣೆಗೆ ಬಿಡುಗಡೆ.
'ಮುಟ್ಟಬಾರದು' ಚೀಟಿಯನ್ನು ನಾನೇ ಮಗುಚಿಡುತ್ತೇನೆ.

ಗುಳಿ ಹದಿನಾಲ್ಕು, ಗುಳಿಗೆ ನಾಲ್ಕು ಮಂಜೊಟ್ಟಿ.
ಎಷ್ಟಾಯಿತೆಂದು ಕೇಳುವುದಿಲ್ಲ ನಾನು.
ಹತ್ತನೇ ಕ್ಲಾಸಿನ ಗಣಿತದಲ್ಲಿ ನನಗೆ ಮೂವತ್ತನಾಲ್ಕು;
ಪಾಸಿಗೆ ಬೇಕಿದ್ದ ಆ ಒಂದನ್ನು
ಅಪ್ಪ ವರ್ಷವಿಡೀ ಎಣಿಸಿದರು.

ದಕ್ಕೆಯ ಕಡೆಯಿಂದ ಬರುವ ಶಮ್ನಾ, ಏಳು ವರ್ಷ,
ಕಾಳು ಎತ್ತುವ ಮೊದಲೇ ಗಾಳಿಯಲ್ಲಿ ಬೆರಳಾಡಿಸಿ
'ಅಲ್ಲಿ ಖಾಲಿ ಬರ್ತದೆ, ಇದು ಬೇಡ' ಅನ್ನುತ್ತಾಳೆ.
ಎದುರು ಕೂತ ಮೆಲ್ರಾಯ್‌ಗೆ
ಹಲ್ಲು ಬಿದ್ದ ಬಾಯಿ ಮುಚ್ಚಲು ಮರೆತಿದೆ.

ಐದಕ್ಕೆ ಬಾಗಿಲು ಹಾಕುವಾಗ ಲೆಕ್ಕ ಐವತ್ತೈದು.
ಮೇಜಿನಡಿ, ಚಾಪೆಯ ಮಡಿಕೆ, ನಿಘಂಟುಗಳ ಸಂದು,
ಇಲ್ಲ.
ಮೆಟ್ಟಿಲಲ್ಲಿ ಶಮ್ನಾಳ ತಮ್ಮ, ಬಿಗಿದ ಮುಷ್ಟಿ.
ಬಿಚ್ಚಿದರೆ ಬೆವರಿದ ಕೆಂಪು ಕಾಳು.
'ಒಂದು ಅಂದ್ರೆ ಎಷ್ಟು ಅಂತ
ಉಮ್ಮನಿಗೆ ತೋರಿಸ್ಲಿಕ್ಕೆ.'

ಎಷ್ಟೆಂದು ನನಗೆ ಗೊತ್ತಿತ್ತು.
ಒಳಗೆ ಹೋಗಿ ರಿಜಿಸ್ಟರ್ ತೆಗೆದೆ.
ಪುಸ್ತಕದ ಹೆಸರು: ಮಂಜೊಟ್ಟಿ. ಪ್ರತಿ: ಒಂದು.
ಸಹಿಯ ಜಾಗದಲ್ಲಿ ಅವನೊಂದು ಸೊನ್ನೆ ಸುತ್ತಿದ.
ಹಿಂದಿರುಗಿಸುವ ದಿನದ ಕಾಲಂ
ಹಾಗೇ ಬಿಟ್ಟೆ.